ಕುಬಟೂರಿನ ಪಿಸ್ತೂಲಿಗೆ ಕೊಟ್ಟ ತೀರ್ಪು

ಶಿಕಾರಿಪುರದ ಬಸ್‌ಸ್ಟ್ಯಾಂಡಿನಿಂದ ಶಿರಾಳಕೊಪ್ಪದ ರಸ್ತೆಗೆ ತಿರುಗಿದರೆ ಎಡಗಡೆ ಒಂದು ತಗಡಿನ ಶೆಡ್ಡು ಇದೆ. ಬಾಗಿಲಲ್ಲಿ ನಿಂತರೆ ಸಾಕು, ಆಸಿಡ್ಡಿನ ಘಾಟು ಮೂಗಿಗೆ ಬಡಿಯುತ್ತದೆ. ಮೂವತ್ತೆಂಟು ವರ್ಷದಿಂದ ಶಿವಮೂರ್ತಪ್ಪ ಅಲ್ಲಿ ನಿಕಲ್ ಪ್ಲೇಟಿಂಗ್ ಮಾಡುತ್ತಿದ್ದಾರೆ. ಮದುವೆ ಬ್ಯಾಂಡಿನವರ ತುತ್ತೂರಿ, ಹೋಟೆಲಿನ ಸೌಟು, ಹಳೇ ಬೈಕಿನ ಹ್ಯಾಂಡಲ್ಲು, ಯಾವುದೋ ಮಠದ ದೀಪದ ಕಂಬ, ಹೀಗೆ ಮಂಕಾದದ್ದೆಲ್ಲ ಅವರ ತೊಟ್ಟಿಗೆ ಇಳಿದು ಹೊಳೆಯುತ್ತಾ ಮೇಲೆ ಬರುತ್ತದೆ.

ಅವರು ಹುಟ್ಟಿದ್ದು ತಾಳಗುಂದದಲ್ಲಿ. ಮನೆಯಲ್ಲಿ ಭತ್ತ, ಮೆಕ್ಕೆಜೋಳದ ಬೇಸಾಯ. ಎಸ್ಸೆಸ್ಸೆಲ್ಸಿಗೆ ಎರಡು ಸಲ ಕೂತು ಎರಡು ಸಲವೂ ಗಣಿತದಲ್ಲಿ ಬಿದ್ದ ಮೇಲೆ ಹುಬ್ಬಳ್ಳಿಗೆ ಹೋಗಿ ಒಂದು ಪ್ಲೇಟಿಂಗ್ ಕಾರ್ಖಾನೆ ಸೇರಿದರು. ಅಲ್ಲಿ ಏಳು ವರ್ಷ ದುಡಿದರು. ಮೊದಲ ಎರಡು ವರ್ಷ ಅವರ ಪಾಲಿಗೆ ಬಂದದ್ದು ಒಂದೇ ಕೆಲಸ, ಹಳೆಯ ಲೇಪವನ್ನು ಕಿತ್ತು ತೆಗೆಯುವುದು. ಆಗ ಬೇಜಾರಾಗುತ್ತಿತ್ತು. ಆದರೆ ಸಾವಿರಾರು ಸಾಮಾನುಗಳ ಮೈ ಸುಲಿದು ನೋಡಿದ್ದರಿಂದಲೇ, ಯಾವುದಕ್ಕೆ ಮೊದಲ ಲೇಪ, ಯಾವುದಕ್ಕೆ ಎರಡನೆಯದು, ಯಾವುದರ ಕೆಳಗೆ ತುಕ್ಕು ಮುಚ್ಚಿಟ್ಟಿದ್ದಾರೆ ಎಂಬುದು ಅವರ ಕಣ್ಣಿಗೆ ಕೂತುಬಿಟ್ಟಿತು.

ಗಾಳಿ ಪಿಸ್ತೂಲುಗಳು ಅವರ ಅಂಗಡಿಗೆ ಬರತೊಡಗಿದ್ದು ಹದಿನೈದು ವರ್ಷದ ಈಚೆ. ಅದಕ್ಕೂ ಮುಂಚೆ ಸುತ್ತಲಿನ ರೈತರು ಮಂಗ ಓಡಿಸುವ ಏರ್‌ಗನ್ನುಗಳನ್ನು ರಿಪೇರಿಗೆ ತರುತ್ತಿದ್ದರು. ದಾವಣಗೆರೆಯ ತೀರ್ಥೇಶ್ ಎಂಬುವವರು ಅಂಥ ಒಂದು ಬಂದೂಕನ್ನು ಅಂಗಡಿಯಲ್ಲಿ ನೋಡಿ ಮಾತಿಗೆ ಕೂತರು. ಅವರಿಗೆ ಹಳೆಯ ಏರ್ ಪಿಸ್ತೂಲು ಕೂಡಿಸುವ ಹುಚ್ಚು. ಎಪ್ಪತ್ತು ಎಂಬತ್ತು ವರ್ಷದ ಹಿಂದೆ ಇಂಗ್ಲೆಂಡು, ಜರ್ಮನಿಗಳಿಂದ ಬಂದ, ಸೀಸದ ಸಣ್ಣ ಗುಂಡನ್ನು ಗಾಳಿಯ ಒತ್ತಡದಿಂದ ಹಾರಿಸುವ ಪಿಸ್ತೂಲುಗಳು. ಹೆಚ್ಚಿನವಕ್ಕೆ ಕಪ್ಪು ಬಣ್ಣ. ಕಾರ್ಖಾನೆಯಲ್ಲೇ ನಿಕಲ್ ಹಚ್ಚಿಸಿಕೊಂಡು ಬಂದವು ಅಪರೂಪ. ಅಪರೂಪದ್ದಕ್ಕೆ ಬೆಲೆ ಇರುವುದರಿಂದ, ಕಪ್ಪು ಪಿಸ್ತೂಲಿಗೆ ಆಮೇಲೆ ನಿಕಲ್ ಹಚ್ಚಿ ಮಾರುವವರೂ ಇದ್ದರು. ಯಾವುದು ನಿಜ, ಯಾವುದು ಆಮೇಲಿನದು ಎಂದು ಶಿವಮೂರ್ತಪ್ಪನಿಂದ ಕೇಳಿ ತಿಳಿಯಲು ತೀರ್ಥೇಶ್ ವರ್ಷಕ್ಕೆ ಮೂರು ನಾಲ್ಕು ಸಲ ಶಿಕಾರಿಪುರಕ್ಕೆ ಬರತೊಡಗಿದರು. ಅವರ ಗೆಳೆಯರೂ ಬಂದರು.

ಶಿವಮೂರ್ತಪ್ಪ ಪಿಸ್ತೂಲನ್ನು ಅತ್ತಿತ್ತ ತಿರುಗಿಸಿ ನೋಡಿ, "ಒರಿಜಿನಲ್" ಅಥವಾ "ಅಲ್ಲ" ಎಂದಷ್ಟೇ ಹೇಳುತ್ತಿದ್ದರು. ಯಾಕೆ ಎಂದು ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದರು. ಕಾರಣ ಹೇಳಿಬಿಟ್ಟರೆ ನಾಳೆ ಎಲ್ಲರೂ ಹೇಳುವವರೇ ಎಂಬ ಅಳುಕು ಒಂದು ಕಡೆ. ಇನ್ನೊಂದು ಕಡೆ, ಕಾರಣ ಇಲ್ಲದ ಮಾತಿಗೆ ಜನ ತಲೆದೂಗುವುದನ್ನು ನೋಡುವುದು ಅವರಿಗೆ ಇಷ್ಟವಾಗಿತ್ತು.

ಒಂದೇ ಒಂದು ಸಲ ಅವರು ತಪ್ಪಿದ್ದರು. ನಾಲ್ಕು ವರ್ಷದ ಹಿಂದೆ ತೀರ್ಥೇಶ್ ತಂದ ಒಂದು ಪಿಸ್ತೂಲನ್ನು ಒರಿಜಿನಲ್ ಎಂದಿದ್ದರು. ಆಮೇಲೆ ಪುಣೆಯ ಯಾರೋ ಅದನ್ನು ಬಿಚ್ಚಿ, ಕೊಳವೆಯ ಅಡಿಯಲ್ಲಿ ತುಕ್ಕಿನ ಗುಳಿಗಳ ಮೇಲೆಯೇ ನಿಕಲ್ ಕೂತಿರುವುದನ್ನು ತೋರಿಸಿದರಂತೆ. ಕಾರ್ಖಾನೆಯಲ್ಲಿ ತುಕ್ಕು ಹಿಡಿದ ಕಬ್ಬಿಣಕ್ಕೆ ನಿಕಲ್ ಹಚ್ಚುವುದುಂಟೆ? ತೀರ್ಥೇಶ್ ಇದನ್ನು ನಗುನಗುತ್ತಲೇ ಹೇಳಿದ್ದರು. ಶಿವಮೂರ್ತಪ್ಪನಿಗೆ ಮಾತ್ರ ಅದು ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಅಂದಿನಿಂದ ಸ್ವಲ್ಪ ಅನುಮಾನ ಬಂದರೂ "ಅಲ್ಲ" ಎನ್ನುವುದೇ ಅವರ ಅಭ್ಯಾಸವಾಯಿತು. ಅಲ್ಲ ಎಂದವನನ್ನು ಯಾರೂ ಹಿಡಿಯುವುದಿಲ್ಲ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಸೋಮವಾರ ತೀರ್ಥೇಶ್ ಕಾರಿನಿಂದ ಇಳಿದರು. ಜೊತೆಗೆ ಐವತ್ತೈದರ ಆಸುಪಾಸಿನ ಒಬ್ಬ ರೈತರು.

"ಇವರು ಆನಂದಪ್ಪ ಅಂತ, ಕುಬಟೂರಿನವರು. ಇವರ ಮನೇಲಿ ಒಂದು ಸಾಮಾನು ಐತೆ, ನೋಡ್ರಿ" ಎಂದರು ತೀರ್ಥೇಶ್.

ಆನಂದಪ್ಪ ಟವೆಲ್ಲು ಬಿಚ್ಚಿದರು. ಒಳಗೆ ಬೆಳ್ಳಿಯಂತೆ ಹೊಳೆಯುವ ಒಂದು ಪಿಸ್ತೂಲು. ಅವರ ತಂದೆ ಕೆಂಪಪ್ಪ ಹರೆಯದಲ್ಲಿ ಸೊರಬದ ಮರದ ಡಿಪೋದಲ್ಲಿ ಒಬ್ಬ ಸಾಹೇಬರಿಗೆ ಅಡುಗೆ ಮಾಡುತ್ತಿದ್ದರು. ವರ್ಗವಾಗಿ ಹೋಗುವಾಗ ಸಾಹೇಬರು ಇದನ್ನು ಅವರ ಕೈಗಿಟ್ಟರಂತೆ. ಕೆಂಪಪ್ಪ ಅದರಿಂದ ಒಂದು ಕಾಗೆಯನ್ನೂ ಹೊಡೆದವರಲ್ಲ. ಆಯುಧಪೂಜೆಯ ದಿನ ಪೆಟ್ಟಿಗೆಯಿಂದ ತೆಗೆದು ನೇಗಿಲಿನ ಪಕ್ಕ ಇಟ್ಟು, ಸಂಜೆಗೆ ಮತ್ತೆ ಪೆಟ್ಟಿಗೆಗೆ ಹಾಕುತ್ತಿದ್ದರು.

ಅಂಗಡಿಯಲ್ಲಿ ಅಂದು ಬ್ಯಾಂಡಿನವರು ಮೂವರು ತುತ್ತೂರಿಗೆ ಕಾದು ಕೂತಿದ್ದರು. ಅವರೂ ಎದ್ದು ಬಂದು ಸುತ್ತ ನಿಂತರು. ಶಿವಮೂರ್ತಪ್ಪ ಪಿಸ್ತೂಲನ್ನು ಎಲ್‌ಇಡಿ ದೀಪದ ಕೆಳಗೆ ಹಿಡಿದರು. ಹಿಂದಿನ ದಿನವಷ್ಟೇ ಆನಂದಪ್ಪ ಅದನ್ನು ಎಣ್ಣೆ ಹಾಕಿ ತಿಕ್ಕಿದ್ದರಿಂದ ಇಡೀ ಮೈ ಒಂದೇ ಸಮ ಮಿಂಚುತ್ತಿತ್ತು. ಹಿಡಿಯ ಎರಡು ಕಡೆಯ ಕಪ್ಪು ಪಟ್ಟಿಗಳನ್ನು ಬಿಗಿದಿದ್ದ ಸ್ಕ್ರೂಗಳ ಮೇಲೆ ಅವರ ಕಣ್ಣು ನಿಂತಿತು. ಇಂಥ ಪಿಸ್ತೂಲುಗಳಲ್ಲಿ ಮೈಗೆ ನಿಕಲ್ ಹಚ್ಚಿದರೂ ಸಣ್ಣ ಸ್ಕ್ರೂಗಳನ್ನು ಕಪ್ಪಾಗಿಯೇ ಬಿಟ್ಟಿರುತ್ತಾರೆ ಎಂಬುದು ಅವರು ಕಂಡುಕೊಂಡ ಸಂಗತಿ. ಇಲ್ಲಿ ಸ್ಕ್ರೂಗಳು ಫಳಫಳ ಎನ್ನುತ್ತಿದ್ದವು, ಅದೂ ಈಚಿನವರು ಹಚ್ಚುವ ಕ್ರೋಮಿನ ತಣ್ಣನೆ ಹೊಳಪು. ಪಟ್ಟಿ ಬಿಚ್ಚಿ ಒಳಮೈ ನೋಡೋಣವೆಂದು ಸ್ಕ್ರೂಡ್ರೈವರ್ ಹಚ್ಚಿದರು. ಒಂದು ಸ್ಕ್ರೂ ಅಲುಗಲಿಲ್ಲ. ಎರಡು ಸಲ ತಿರುಚಿದರು. ಬ್ಯಾಂಡಿನವನೊಬ್ಬ, "ಜೋರಾಗಿ ಹಾಕ್ರಿ ಯಜಮಾನ್ರೆ" ಎಂದ. ಸ್ಕ್ರೂಡ್ರೈವರ್ ಜಾರಿ ಬೆರಳಿಗೆ ತಾಗಿತು. ಶಿವಮೂರ್ತಪ್ಪನಿಗೆ ಮುಜುಗರವಾಯಿತು. ಪಿಸ್ತೂಲನ್ನು ಟವೆಲ್ಲಿನ ಮೇಲಿಟ್ಟರು.

"ಒರಿಜಿನಲ್ ಅಲ್ಲ."

ಆನಂದಪ್ಪನ ಮುಖ ಸಪ್ಪಗಾಯಿತು. "ನಮ್ಮಪ್ಪನ ಕಾಲದಿಂದಲೂ ಹಿಂಗೇ ಐತಲ್ರೀ."

"ಇಲ್ಲ ಬಿಡ್ರಿ. ಇದು ಐದಾರು ವರ್ಷದ ಈಚಿನ ಕೆಲಸ."

ಆ ಎರಡನೆಯ ಮಾತನ್ನು ಅವರು ಆಡಬೇಕಾಗಿರಲಿಲ್ಲ. ಯಾರೂ ವರ್ಷ ಕೇಳಿರಲಿಲ್ಲ. ತನ್ನ ತೀರ್ಪಿಗೆ ತೂಕ ಬರಲಿ ಎಂದು ಬಾಯಿಂದ ಬಂದ ಮಾತು ಅದು. ಆನಂದಪ್ಪ ಏನೋ ಲೆಕ್ಕ ಹಾಕುವವರಂತೆ ನೆಲ ನೋಡಿದರು. ಟವೆಲ್ಲನ್ನು ಮಡಚಿಕೊಂಡು ಕಾರು ಹತ್ತಿದರು. ತೀರ್ಥೇಶ್ ಕೈ ಬೀಸಿ, "ಒಳ್ಳೇದಾಯ್ತು ಬಿಡಿ, ತಗೊಂಡುಬಿಡ್ತಿದ್ದೆ" ಎಂದು ಹೊರಟರು.

ಮೂರನೆಯ ದಿನ ಶಿವಮೂರ್ತಪ್ಪ ಬ್ಯಾಂಡಿನವರ ತುತ್ತೂರಿಯನ್ನು ತೊಟ್ಟಿಯಿಂದ ತೆಗೆದು ಒರೆಸುತ್ತಿದ್ದರು. ತುತ್ತೂರಿಯ ಮೇಲೆ ಮಾಡಿದವರ ಹೆಸರಿನ ಅಕ್ಷರಗಳಿದ್ದವು. ಅಭ್ಯಾಸಬಲದಿಂದ ಹೆಬ್ಬೆರಳಿನ ಉಗುರನ್ನು ಅದರ ಮೇಲೆ ಎಳೆದರು. ಉಗುರು ಜಾರಿತು. ಮರುಲೇಪಕ್ಕೆ ಮುಂಚೆ ಬಫ್ ಚಕ್ರಕ್ಕೆ ಕೊಟ್ಟು ಉಜ್ಜಿದಾಗ ಅಕ್ಷರದ ಅಂಚು ಸವೆದುಹೋಗುತ್ತದೆ, ಆಮೇಲೆ ಉಗುರು ಎಲ್ಲೂ ನಿಲ್ಲುವುದಿಲ್ಲ. ಇದು ಅವರಿಗೆ ಹುಬ್ಬಳ್ಳಿಯಿಂದಲೂ ಗೊತ್ತಿದ್ದ ವಿಷಯ. ಆದರೆ ಅಂದು ಅವರ ಕೈ ಅಲ್ಲೇ ನಿಂತಿತು. ಕುಬಟೂರಿನ ಪಿಸ್ತೂಲಿನ ಮೇಲೆ ಕೊರೆದಿದ್ದ ಹೆಸರಿನ ಮೇಲೂ ಅವರು ಅಂದು ಹೀಗೇ ಉಗುರು ಎಳೆದಿದ್ದರು. ಅಲ್ಲಿ ಉಗುರು ಸಿಕ್ಕಿತ್ತು. ಪ್ರತಿ ಅಕ್ಷರಕ್ಕೂ ಕಟ್‌ಕಟ್ ಎಂದು ತಡೆದಿತ್ತು. ಆಗ ಕಣ್ಣು ಸ್ಕ್ರೂಗಳ ಮೇಲಿದ್ದುದರಿಂದ ಬೆರಳು ಹೇಳಿದ್ದನ್ನು ಅವರು ಕೇಳಿಸಿಕೊಂಡಿರಲಿಲ್ಲ.

ಅಂದಿನಿಂದ ಅವರಿಗೆ ಕೂತಲ್ಲಿ ಕೂರಲಾಗಲಿಲ್ಲ. ನಿಕಲ್ ತೊಟ್ಟಿಗೆ ಹಾಕಿದ ಸಾಮಾನನ್ನು ಹೊತ್ತಿಗೆ ಮುಂಚೆಯೇ ತೆಗೆದು ನೋಡುವುದು, ಮತ್ತೆ ಇಳಿಬಿಡುವುದು. ಹೋಟೆಲಿನವರ ಸೌಟುಗಳ ಒಂದು ಕಂತೆ ಸುಟ್ಟು ಕಪ್ಪಾಗಿ ಬಂತು. ಚಹಾ ತರಿಸಿ ಕುಡಿಯಲು ಮರೆಯುವುದು. ಉಗುರು ಸಿಕ್ಕಿದ್ದು ನಿಜವೋ, ಇಲ್ಲ ತಾನೀಗ ಹಾಗೆ ಅಂದುಕೊಳ್ಳುತ್ತಿರುವುದೋ? ಸ್ಕ್ರೂಗಳಂತೂ ಕ್ರೋಮಿನವೇ. ಕ್ರೋಮಿನ ಸ್ಕ್ರೂ ಇದ್ದ ಮೇಲೆ ಮೈಯೂ ಆಮೇಲಿನದೇ ಆಗಬೇಕಲ್ಲ? ಆಗಬೇಕೆಂದೇನೂ ಇಲ್ಲ, ಸ್ಕ್ರೂ ಮಾತ್ರ ಬದಲಾಗಿರಬಹುದು. ಹಾಗಿದ್ದರೆ ಯಾರು ಬದಲಿಸಿದರು? ಅವರು ಕೇಳಿರಲೇ ಇಲ್ಲ.

ಮನೆಯಲ್ಲಿ ಹೆಂಡತಿ ಗುತ್ಯಮ್ಮ ಎರಡು ದಿನ ನೋಡಿದರು. ಅವರ ತವರು ಸೊರಬದ ಕುಪ್ಪಗಡ್ಡೆ. ನೇರವಾಗಿ ಕೇಳುವ ಹೆಂಗಸು.

"ಏನಾಗಿದೆ ನಿಮ್ಗೆ? ಅನ್ನದ ಮುಂದೆ ಕೂತು ಉಗುರು ನೋಡ್ಕೋತಿರಲ್ಲ."

"ಏನಿಲ್ಲ. ಒಂದು ಸಾಮಾನು ಸರಿಯಾಗಿ ನೋಡಲಿಲ್ಲ ಅನಿಸ್ತೈತೆ."

"ಮತ್ತೊಂದ್ಸಲ ನೋಡಿದ್ರಾಯ್ತು."

"ಅದು ಕುಬಟೂರಲ್ಲೈತೆ."

"ಕುಬಟೂರೇನು ಕಾಶೀನಾ?" ಎಂದು ಗುತ್ಯಮ್ಮ ಸಾರು ಬಡಿಸಿದರು.

ಶಿವಮೂರ್ತಪ್ಪ ಮರುದಿನ ಅಂಗಡಿಗೆ ಬೀಗ ಹಾಕಿ ಶಿರಾಳಕೊಪ್ಪದ ಬಸ್ಸು ಹತ್ತಿದರು. ಕಿಟಕಿಯ ಪಕ್ಕ ಕೂತರೂ ಹೊರಗೆ ಏನು ಹೋಗುತ್ತಿದೆ ಎಂದು ನೋಡಲಿಲ್ಲ. ಹೋಗಿ ಏನೆನ್ನುವುದು? ‘ನಾನು ಸರಿಯಾಗಿ ನೋಡಿರಲಿಲ್ಲ’ ಎಂದೇ? ಮತ್ತೆ ನೋಡಿ ಮತ್ತೂ ‘ಅಲ್ಲ’ ಎನ್ನಬೇಕಾಗಿ ಬಂದರೆ ಆ ಮನುಷ್ಯನಿಗೆ ಎರಡು ಸಲ ನೋವು. ‘ಹೌದು’ ಎಂದರೆ ತೀರ್ಥೇಶರ ಕಿವಿಗೆ ಬೀಳುತ್ತದೆ, ದಾವಣಗೆರೆಯಿಂದ ಪುಣೆಯವರೆಗೂ ಹೋಗುತ್ತದೆ. ಶಿಕಾರಿಪುರದ ಶಿವಮೂರ್ತಪ್ಪ ಇವತ್ತೊಂದು ಹೇಳುತ್ತಾನೆ, ನಾಳೆಯೊಂದು. ತಾಳಗುಂದದ ಹತ್ತಿರ ಯಾರೋ ಇಳಿಯುವಾಗ ಇವರೂ ಇಳಿದುಬಿಟ್ಟರು. ತಮ್ಮನ ಮನೆಗೆ ಹೋಗಿ ಮಜ್ಜಿಗೆ ಕುಡಿದು, ಜೋಳದ ಹೊಲದ ಬದುವಿನ ಮೇಲೆ ಸುಮ್ಮನೆ ಆ ತುದಿಯಿಂದ ಈ ತುದಿಗೆ ನಡೆದರು. "ಏನಣ್ಣ, ಏನಾದ್ರೂ ಕೆಲಸ ಇತ್ತಾ?" ಎಂದು ತಮ್ಮ ಕೇಳಿದರೆ, "ಇಲ್ಲ, ಸುಮ್ನೆ ಬಂದೆ" ಎಂದರು. ಮಧ್ಯಾಹ್ನದ ಬಸ್ಸಿಗೆ ಶಿಕಾರಿಪುರಕ್ಕೆ ವಾಪಸಾದರು.

ತೀರ್ಥೇಶರಿಗೆ ಫೋನ್ ಮಾಡಿ ಆನಂದಪ್ಪನ ನಂಬರು ಪಡೆದರು. ನಾಲ್ಕು ಸಲ ಮಾಡಿದರು, ಯಾರೂ ಎತ್ತಲಿಲ್ಲ. ಐದನೆಯ ಸಲ ಮಾಡಲು ಕೈ ಬರಲಿಲ್ಲ.

ಹದಿನೈದು ದಿನ ಹೀಗೇ ಕಳೆದವು. ಗುತ್ಯಮ್ಮ ತವರಿನಲ್ಲಿ ಒಂದು ನಾಮಕರಣಕ್ಕೆಂದು ಕುಪ್ಪಗಡ್ಡೆಗೆ ಹೋಗಿದ್ದವರು ಮರಳಿ ಬಂದು ಚೀಲವನ್ನೂ ಕೆಳಗಿಡದೆ ಮಾತು ತೆಗೆದರು.

"ನೀವು ನೋಡಿದ್ದು ಕುಬಟೂರಿನ ಕೆಂಪಪ್ಪನ ಮನೆ ಪಿಸ್ತೂಲಾ?"

"ಹೌದು. ಯಾಕೆ?"

"ಆ ಮನೇಲಿ ಅಣ್ಣತಮ್ಮರು ಮಾತು ಬಿಟ್ಟಾರಂತೆ. ನಯನ ಅಂತ, ತಮ್ಮನ ಹೆಂಡ್ತಿ, ನಮ್ಮ ಅತ್ತಿಗೆಗೆ ದೂರದ ಸಂಬಂಧ. ಅಲ್ಲಿ ಬಂದು ಅತ್ಲು ಪಾಪ."

ಶಿವಮೂರ್ತಪ್ಪ ಎದ್ದು ನಿಂತರು. ಗುತ್ಯಮ್ಮ ಹೇಳಿದ್ದು ಇಷ್ಟು. ಕೆಂಪಪ್ಪ ತೀರಿಕೊಂಡು ಏಳು ವರ್ಷವಾಗಿತ್ತು. ಅದಾದ ಮರುವರ್ಷ ಆನಂದಪ್ಪ ಊರಿನ ಮನೆ ಬಿಚ್ಚಿ ಕಟ್ಟಿಸಿದರು. ಆ ಎರಡು ವರ್ಷ ತಾಯಿ ಮೂಕಮ್ಮನೂ ಮನೆಯ ಪೆಟ್ಟಿಗೆಗಳೂ ಇದ್ದದ್ದು ಸೊರಬದಲ್ಲಿ, ಸೊಸೈಟಿಯಲ್ಲಿ ಗುಮಾಸ್ತನಾಗಿರುವ ತಮ್ಮ ಚೌಡೇಶನ ಮನೆಯಲ್ಲಿ. ಪಿಸ್ತೂಲೂ ಅಲ್ಲೇ ಇತ್ತು. ಐದಾರು ವರ್ಷದ ಈಚಿನ ಕೆಲಸ ಎಂಬ ಮಾತು ಕೇಳಿದ್ದೇ ಆನಂದಪ್ಪನಿಗೆ ಉಳಿದದ್ದು ತನ್ನಷ್ಟಕ್ಕೆ ಜೋಡಿಕೊಂಡಿತು. ಅಪ್ಪನ ನಿಜವಾದ ಪಿಸ್ತೂಲನ್ನು ಚೌಡೇಶ ಯಾರಿಗೋ ಕೊಟ್ಟು, ಅಂಥದೇ ಒಂದಕ್ಕೆ ಹೊಳಪು ಹಾಕಿಸಿ ಪೆಟ್ಟಿಗೆಯಲ್ಲಿ ಇಟ್ಟಿದ್ದಾನೆ. ಇದನ್ನು ಆನಂದಪ್ಪ ಸೊರಬಕ್ಕೆ ಹೋಗಿ, ಚೌಡೇಶನ ಸೊಸೈಟಿಯ ಬಾಗಿಲಲ್ಲೇ, ಜನರೆದುರು ಕೇಳಿದ್ದರು. ಚೌಡೇಶ ಉತ್ತರ ಕೊಡದೆ ಒಳಗೆ ಹೋದನಂತೆ. ಅಂದಿನಿಂದ ಊರಿನ ಕಡೆ ತಲೆ ಹಾಕಿಲ್ಲ.

"ನಾನು ಹಂಗಂದಿಲ್ಲ. ಬದಲಾಯಿಸ್ಯಾರೆ ಅಂತ ನಾನೆಲ್ಲಿ ಅಂದೆ?" ಎಂದರು ಶಿವಮೂರ್ತಪ್ಪ.

"ನೀವು ಏನಂದ್ರಿ ಅಂತ ನಂಗೊತ್ತಿಲ್ಲ. ಅವರಿಗೆ ಏನು ಕೇಳಿಸ್ತೋ ಅದನ್ನ ಹೇಳ್ತಿದೀನಿ" ಎಂದು ಗುತ್ಯಮ್ಮ ಚೀಲ ತೆಗೆದುಕೊಂಡು ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಶಿವಮೂರ್ತಪ್ಪ ಮೊದಲ ಬಸ್ಸಿಗೇ ಹೊರಟರು. ಚೀಲದಲ್ಲಿ ಸಣ್ಣ ಸ್ಕ್ರೂಡ್ರೈವರುಗಳು, ತುಕ್ಕು ಸಡಿಲಿಸುವ ಎಣ್ಣೆ, ಒಂದು ಭೂತಗನ್ನಡಿ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಆನವಟ್ಟಿಗೆ, ಅಲ್ಲಿಂದ ಆಟೋ. ಕುಬಟೂರಿನಲ್ಲಿ ಇಳಿದಾಗ ಆನಂದಪ್ಪ ಅಂಗಳದಲ್ಲಿ ಭತ್ತದ ಚೀಲಗಳ ಬಾಯಿ ಹೊಲಿಯುತ್ತಿದ್ದರು. ಇವರನ್ನು ನೋಡಿ ಸೂಜಿ ಕೆಳಗಿಟ್ಟರು, ಆದರೆ ‘ಬನ್ರಿ’ ಎನ್ನಲಿಲ್ಲ.

"ಇನ್ನೊಂದ್ಸಲ ನೋಡಬೇಕು ಅಂತ ಬಂದೆ" ಎಂದರು ಶಿವಮೂರ್ತಪ್ಪ.

"ನೋಡೋದೇನೈತ್ರೀ? ನೀವು ಅವತ್ತೇ ಹೇಳಿ ಮುಗಿಸಿದ್ರಲ್ಲ."

"ಅವತ್ತು ಒಳಗೆ ಬಿಚ್ಚಿ ನೋಡಲಿಲ್ಲ. ಹೊರಗೆ ನೋಡಿ ಹೇಳಿಬಿಟ್ಟೆ. ತಪ್ಪು ನಂದೇ."

ಆನಂದಪ್ಪ ಎದ್ದು ಹೋಗಿ ಟವೆಲ್ಲಿನ ಗಂಟನ್ನು ತಂದು ಜಗಲಿಯ ಮೇಲಿಟ್ಟರು.

ಬಿಸಿಲು ಜಗಲಿಗೆ ಬಿದ್ದಿತ್ತು. ಶಿವಮೂರ್ತಪ್ಪ ಪಿಸ್ತೂಲನ್ನು ಬಿಸಿಲಿಗೆ ಹಿಡಿದರು. ತಿಕ್ಕಿದ ಎಣ್ಣೆ ಆರಿಹೋಗಿ, ಮೈಯ ಹೊಳಪು ಹಳೆಯ ನಿಕಲ್ಲಿಗೆ ಬರುವ ತೆಳು ಹಳದಿಗೆ ತಿರುಗಿತ್ತು. ಸ್ಕ್ರೂಗಳು ಮಾತ್ರ ನೀಲಿ ಬೆರೆತ ಬಿಳುಪು. ಅಂಗಡಿಯ ಎಲ್‌ಇಡಿ ಬೆಳಕಿನಲ್ಲಿ ಮೈಯೂ ಸ್ಕ್ರೂಗಳಂತೆಯೇ ತಣ್ಣಗೆ ಹೊಳೆದಿತ್ತು. ಉಗುರನ್ನು ಅಕ್ಷರಗಳ ಮೇಲೆ ಎಳೆದರು. ಸಿಕ್ಕಿತು. ಕಟ್, ಕಟ್.

ಅಲುಗದ ಸ್ಕ್ರೂವಿಗೆ ಎಣ್ಣೆ ಬಿಟ್ಟು ಅರ್ಧ ಗಂಟೆ ಕಾದರು. ಆನಂದಪ್ಪ ಮತ್ತೆ ಚೀಲ ಹೊಲಿಯಲು ಕೂತರು, ಆದರೆ ಹೊಲಿಗೆ ಅಡ್ಡಾದಿಡ್ಡಿ ಹೋಗುತ್ತಿತ್ತು. ಒಳಗಿನಿಂದ ಮೂಕಮ್ಮ ಗೋಡೆ ಹಿಡಿದು ಬಂದು ಹೊಸಿಲಲ್ಲಿ ಕೂತರು. ಎಂಬತ್ತರ ಹತ್ತಿರದ ಮುದುಕಿ. ಇಬ್ಬರು ಮಕ್ಕಳ ಜಗಳದಲ್ಲಿ ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಪಿಸ್ತೂಲೇ ಬದಲಾಗಿದೆ ಎಂದು ಪೇಟೆಯವರು ಹೇಳಿದ್ದಾರೆ ಎಂದಷ್ಟೇ ಅವರಿಗೆ ಗೊತ್ತಿತ್ತು.

ಶಿವಮೂರ್ತಪ್ಪ ಸ್ಕ್ರೂಡ್ರೈವರ್ ಹಚ್ಚಿ ಮೆಲ್ಲಗೆ ತಿರುಗಿಸಿದರು. ಸ್ಕ್ರೂ ಕಿರ್ರೆಂದು ಸಡಿಲಾಗಿ ಹೊರಬಂತು. ಅದರ ಸುರುಳಿ ಗೆರೆಗಳು ನಜ್ಜುಗುಜ್ಜಾಗಿದ್ದವು. ಆ ತೂತಿಗೆ ಹೊಂದದ ಸ್ಕ್ರೂವನ್ನು ಯಾರೋ ಬಲವಂತವಾಗಿ ತುರುಕಿದ್ದರು.

"ಈ ಸ್ಕ್ರೂ ಪಿಸ್ತೂಲಿಂದಲ್ಲ. ಸೈಕಲ್ಲಿಗೆ ಹಾಕೋ ಸ್ಕ್ರೂ ಇದು" ಎಂದು ಅವರು ತಮಗೇ ಹೇಳಿಕೊಳ್ಳುವಂತೆ ಅಂದರು.

"ಅದು ನಾನೇ ಹಾಕ್ಸಿದ್ದು" ಎಂದರು ಮೂಕಮ್ಮ.

ಆನಂದಪ್ಪನ ಕೈಯ ಸೂಜಿ ನಿಂತಿತು.

"ಸೊರಬದಾಗಿದ್ದಾಗ ಆಯುಧಪೂಜೆಗೆ ಅಂತ ತಿಕ್ಕಿ ತೊಳೀತಿದ್ದೆ. ಸ್ಕ್ರೂ ಎರಡೂ ಸಡ್ಲಾಗಿದ್ವು. ಕಳಚಿ ಬಿದ್ದು ಬಚ್ಚಲ ಮೋರಿಗೆ ಹೋದ್ವು. ಹುಡುಕಿದೆ, ಸಿಗಲಿಲ್ಲ. ನಿಮ್ಮಪ್ಪಂದು, ಹಾಳು ಮಾಡಿದೆ ಅಂತ ನೀವು ಬೈತೀರೇನೋ ಅಂತ ಸೈಕಲ್ ಶಾಪಿಗೆ ಒಯ್ದು ಎರಡು ಹಾಕಿಸ್ಕೊಂಡು ಬಂದೆ. ಚೌಡೇಶಂಗೂ ಹೇಳಿಲ್ಲ."

"ಅವ್ವಾ, ಇಷ್ಟು ದಿನ ಯಾಕೆ ಸುಮ್ನಿದ್ದೆ?"

"ನೀವು ಪಿಸ್ತೂಲೇ ಬದಲಾಗೈತೆ ಅಂತ ಕೂಗಾಡಿದ್ರಿ. ಸ್ಕ್ರೂ ಸುದ್ದಿ ಯಾರು ಎತ್ತಿದ್ರಪ್ಪ? ಎರಡು ಸ್ಕ್ರೂಗೆ ಹಿಂಗೆ ಅಂತ ನಂಗೇನು ಗೊತ್ತು?"

ಶಿವಮೂರ್ತಪ್ಪ ತಲೆ ತಗ್ಗಿಸಿದರು. ಅಂದು ಅಂಗಡಿಯಲ್ಲಿ ಒಂದೇ ಒಂದು ಮಾತು, ‘ಸ್ಕ್ರೂ ನೋಡಿ ಹೇಳುತ್ತಿದ್ದೇನೆ’ ಎಂದು ಬಾಯಿಬಿಟ್ಟಿದ್ದರೆ, ಆನಂದಪ್ಪ ಮನೆಗೆ ಬಂದು ತಾಯಿಯನ್ನು ಕೇಳುತ್ತಿದ್ದರು, ಸಂಜೆಯೊಳಗೆ ಮುಗಿದುಹೋಗುತ್ತಿತ್ತು.

ಹಿಡಿಯ ಪಟ್ಟಿಗಳನ್ನು ಬಿಚ್ಚಿ ಒಳಮೈಯನ್ನು ಭೂತಗನ್ನಡಿಯಲ್ಲಿ ನೋಡಿದರು. ಈ ಸಲ ಒಂದೊಂದನ್ನೂ ಆನಂದಪ್ಪನಿಗೆ ತೋರಿಸಿ ಹೇಳಿದರು. ಒಳಗೆ ಕೊರೆದ ನಂಬರು ಚೂಪಾಗಿದೆ. ಸ್ಕ್ರೂ ತೂತಿನ ಅಂಚು ನೇರವಾಗಿದೆ. ಬಫ್ ಚಕ್ರಕ್ಕೆ ಕೊಟ್ಟಿದ್ದರೆ ತೂತಿನ ಬಾಯಿ ತಟ್ಟೆಯಂತೆ ತಗ್ಗಾಗುತ್ತಿತ್ತು. ನಿಕಲ್ಲಿನ ಕೆಳಗೆ ತುಕ್ಕಿನ ಗುಳಿ ಒಂದೂ ಇಲ್ಲ. ಬೆರಳು ತಾಗುವ ಕಡೆ ಮಾತ್ರ ಲೇಪ ಸವೆದು ಕಬ್ಬಿಣ ಕಂಡಿದೆ, ಸವೆಯಬೇಕಾದ ಕಡೆಯೇ ಸವೆದಿದೆ.

"ಹಂಗಾದ್ರೆ ಒರಿಜಿನಲ್ಲೇ?" ಎಂದರು ಆನಂದಪ್ಪ.

"ಕಾರ್ಖಾನೇಲೇ ಆಗಿದ್ದು ಅಂತ ನಾನು ಪ್ರಮಾಣ ಮಾಡಲ್ಲ. ಆಗಿನ ಕಾಲದಾಗೆ ಹೊರಗೂ ಒಳ್ಳೆ ಕೆಲಸದೋರು ಇದ್ರು. ಆದ್ರೆ ಈ ನಿಕಲ್ ನಿಮ್ಮಪ್ಪನ ಕೈಗೆ ಬರೋಕ್ಕೂ ಮುಂಚಿಂದು. ನಿಮ್ಮ ತಮ್ಮನ ಮನೇಲಿ ಆಗಿದ್ದಲ್ಲ. ಅಷ್ಟು ಗ್ಯಾರಂಟಿ."

ಆನಂದಪ್ಪ ಸೂಜಿಯನ್ನು ಚೀಲಕ್ಕೆ ಚುಚ್ಚಿಟ್ಟು, "ಸೊಸೈಟಿ ಬಾಗಿಲಾಗೆ ಕೇಳಿಬಿಟ್ಟೆ ನಾನು" ಎಂದರು. ಮೂಕಮ್ಮ ಒಳಗೆ ಹೋಗಿ ಇಬ್ಬರಿಗೂ ಚಹಾ ಮಾಡಿಸಿದರು. ಶಿವಮೂರ್ತಪ್ಪ ಅರ್ಧ ಕುಡಿದು ಎದ್ದರು.

"ನಾನು ಸೊರಬಕ್ಕೆ ಹೋಗ್ತೀನಿ. ನೀವೂ ಬರ್ತೀರಾ?"

"ಇವತ್ತು ಬರಕ್ಕಾಗಲ್ಲ ನಂಗೆ" ಎಂದರು ಆನಂದಪ್ಪ. "ಯಾವ ಮುಖ ಹೊತ್ಕೊಂಡು ಬರಲಿ?"

ಚೌಡೇಶ ಸೊರಬದಲ್ಲಿ ಸೊಸೈಟಿ ಮುಗಿಸಿ ಆಗಷ್ಟೇ ಮನೆಗೆ ಬಂದಿದ್ದ. ನಲವತ್ತೆಂಟರ ಮನುಷ್ಯ, ಮಾತು ಕಡಿಮೆ. ಶಿವಮೂರ್ತಪ್ಪ ತಾವು ಯಾರು, ಏನು ಹೇಳಿದ್ದು, ಎಲ್ಲಿ ತಪ್ಪಿದ್ದು, ಸ್ಕ್ರೂ ಯಾರು ಹಾಕಿಸಿದ್ದು ಎಂಬುದನ್ನೆಲ್ಲ ನಿಂತುಕೊಂಡೇ ಹೇಳಿದರು. ಬಾಗಿಲ ಹಿಂದೆ ನಿಂತಿದ್ದ ನಯನ ಅತ್ತೆಯ ಸ್ಕ್ರೂವಿನ ಸುದ್ದಿ ಬಂದಾಗ ಸೆರಗು ಬಾಯಿಗೆ ಹಿಡಿದಳು.

ಚೌಡೇಶ ಎಲ್ಲ ಕೇಳಿಸಿಕೊಂಡು, "ಕೂತ್ಕೊಳ್ಳಿ ಯಜಮಾನ್ರೆ" ಎಂದ. ಇವರು ಕೂತ ಮೇಲೆ ಅವನೇ ಮಾತಾಡಿದ.

"ನೀವು ಇಷ್ಟು ದೂರ ಬಂದು ಹೇಳಿದ್ರಿ, ದೊಡ್ಡದು. ಆದ್ರೆ ಒಂದು ಮಾತು. ನೀವು ಹೇಳಿದ್ದು ‘ಐದಾರು ವರ್ಷದ ಕೆಲಸ’ ಅಂತ. ಚೌಡೇಶ ಕದ್ದ ಅಂತ ನೀವು ಹೇಳಿಲ್ಲ. ಅದನ್ನ ನಮ್ಮಣ್ಣ ತಾನೇ ಸೇರಿಸ್ಕೊಂಡ. ನಲವತ್ತೆಂಟು ವರ್ಷ ನೋಡಿದ್ದಾನೆ ನನ್ನ. ಒಂದೇ ಮಾತಿಗೆ ಅಷ್ಟು ಬೇಗ ಸೇರಿಸ್ಕೊಂಡ್ನಲ್ಲ, ಅದನ್ನ ನೀವು ಬಂದು ಸರಿ ಮಾಡಕ್ಕಾಗಲ್ಲ."

"ಇಲ್ಲ, ಆಗಲ್ಲ" ಎಂದರು ಶಿವಮೂರ್ತಪ್ಪ.

ನಯನ ಅವಲಕ್ಕಿ ತಂದಿಟ್ಟಳು. ತಿನ್ನುವಾಗ ಚೌಡೇಶ ಇದ್ದಕ್ಕಿದ್ದಂತೆ, "ಅವ್ವ ಬಚ್ಚಲಲ್ಲಿ ಏನೋ ಹುಡುಕ್ತಾ ಇದ್ದದ್ದು ನೆನಪಿದೆ ನಂಗೆ. ಉಂಗುರ ಬಿತ್ತಾ ಅಂತ ಕೇಳಿದ್ದೆ. ಇಲ್ಲ ಹೋಗು ಅಂದ್ಳು" ಎಂದ. ಅವನ ತುಟಿಯಂಚಿನಲ್ಲಿ ನಗು ಬಂದು ಹೋಯಿತು.

ಮರುದಿನ ಶಿವಮೂರ್ತಪ್ಪ ತೀರ್ಥೇಶರಿಗೆ ಫೋನ್ ಮಾಡಿ ತಾವು ಹೇಳಿದ್ದು ತಪ್ಪೆಂದರು. ಎಲ್ಲಿ ತಪ್ಪಿತು, ಹೇಗೆ ತಪ್ಪಿತು ಎಂಬುದನ್ನು ಬಿಡಿಸಿ ಹೇಳಿದರು. ಅವರು ಮೊದಲ ಸಲ ಯಾರಿಗಾದರೂ ಕಾರಣ ಹೇಳಿದ್ದು ಕುಬಟೂರಿನ ಜಗಲಿಯಲ್ಲಿ, ಎರಡನೆಯದು ಸೊರಬದಲ್ಲಿ, ಮೂರನೆಯದು ಈ ಫೋನಿನಲ್ಲಿ. ತೀರ್ಥೇಶ್, "ಹಂಗಾದ್ರೆ ನಾನೇ ತಗೊಂತೀನಿ, ಕೇಳ್ರಿ ಅವರನ್ನ" ಎಂದರು. ಆನಂದಪ್ಪನನ್ನು ಕೇಳಿದರೆ ಮೂಕಮ್ಮನೇ ಫೋನು ಇಸಿದುಕೊಂಡು, "ಅದನ್ನ ಯಾರಿಗೂ ಕೊಡಲ್ಲ. ಇಬ್ಬರೂ ಮಕ್ಕಳು ಮನೇಗೆ ಬರೋತನಕ ನನ್ನ ಹತ್ರಾನೇ ಇರ್ತೈತೆ" ಎಂದರು.

ಆನಂದಪ್ಪ ಸೊರಬಕ್ಕೆ ಹೋದದ್ದು ಹನ್ನೊಂದನೆಯ ದಿನ. ಆ ಹನ್ನೊಂದು ದಿನವೂ ಶಿವಮೂರ್ತಪ್ಪನಿಗೆ ನೆಮ್ಮದಿ ಇರಲಿಲ್ಲ. ಹೋದರೋ ಇಲ್ಲವೋ ಎಂದು ಗುತ್ಯಮ್ಮನಿಂದ ಕುಪ್ಪಗಡ್ಡೆಗೆ ಫೋನ್ ಮಾಡಿಸುವುದು, ಅತ್ತಲಿಂದ ಸುದ್ದಿ ಬಾರದಿದ್ದರೆ ಅಂಗಡಿಯಿಂದ ಬಸ್‌ಸ್ಟ್ಯಾಂಡಿಗೂ ಬಸ್‌ಸ್ಟ್ಯಾಂಡಿನಿಂದ ಅಂಗಡಿಗೂ ನಡೆಯುವುದು. ಕೊನೆಗೆ ನಯನಳಿಂದ ಸುದ್ದಿ ಬಂತು. ಆನಂದಪ್ಪ ಮನೆಗಲ್ಲ, ನೇರ ಸೊಸೈಟಿಗೇ ಹೋದರಂತೆ. ಅಂದು ಕೇಳಿದ ಬಾಗಿಲಲ್ಲೇ ನಿಂತು, ಅಲ್ಲಿದ್ದ ಜನರೆದುರು, "ನಾನು ನನ್ನ ತಮ್ಮಂಗೆ ಇಲ್ಲದ್ದು ಅಂದೆ, ತಪ್ಪಾಯ್ತು" ಎಂದರಂತೆ. ಚೌಡೇಶ ಕುರ್ಚಿಯಿಂದ ಎದ್ದು ಬಂದು ಅಣ್ಣನ ತೋಳು ಹಿಡಿದು ಹೊರಗೆ ಕರೆದೊಯ್ದ. ಹೊರಗೆ ಏನು ಮಾತಾಡಿದರೋ ಯಾರಿಗೂ ಗೊತ್ತಿಲ್ಲ.

ಸಂಕ್ರಾಂತಿಗೆ ಚೌಡೇಶ ಹೆಂಡತಿಯ ಜೊತೆ ಕುಬಟೂರಿಗೆ ಬಂದ. ಊಟ ಮಾಡಿದ, ತಾಯಿಯ ಪಕ್ಕ ಮಲಗಿ ಮಧ್ಯಾಹ್ನ ಒಂದು ನಿದ್ದೆ ತೆಗೆದ, ಸಂಜೆಯ ಬಸ್ಸಿಗೆ ಹೊರಟ. ಮೊದಲಾಗಿದ್ದರೆ ಎರಡು ದಿನ ಉಳಿಯುತ್ತಿದ್ದ. ಅಣ್ಣ ಬಸ್ಸಿನವರೆಗೂ ಬಂದರು. ಮೊದಲಿನಂತಾಗಲು ಇನ್ನೂ ಕಾಲ ಬೇಕು ಎಂದು ನಯನ ಹೇಳಿದ್ದಾಳೆ. ಆಗುತ್ತದೆಂದು ಅವಳಿಗೆ ನಂಬಿಕೆ ಇದೆ.

ಶಿವಮೂರ್ತಪ್ಪನ ಅಂಗಡಿಗೆ ಈಗಲೂ ಪಿಸ್ತೂಲುಗಳು ಬರುತ್ತವೆ. ಮೊದಲಿಗಿಂತ ಕಡಿಮೆ, ಯಾಕೆಂದರೆ ಅವರು ನಿಂತ ನಿಲುವಿನಲ್ಲಿ ಹೇಳುವುದನ್ನು ಬಿಟ್ಟಿದ್ದಾರೆ. "ಎರಡು ದಿನ ಬಿಟ್ಟು ಬನ್ರಿ" ಎನ್ನುತ್ತಾರೆ. ಅವಸರದವರು ಬೇರೆ ಕಡೆ ಹೋಗುತ್ತಾರೆ. ಬಿಟ್ಟು ಹೋದವರದನ್ನು ಅಂಗಡಿಯ ಹೊರಗೆ ಬಿಸಿಲಿನಲ್ಲಿ ಹಿಡಿದು ನೋಡುತ್ತಾರೆ, ಬಿಚ್ಚುತ್ತಾರೆ, ಯಾವ ಭಾಗ ಯಾವಾಗ ಬದಲಾಯಿತು ಎಂದು ಮನೆಯವರನ್ನು ಕೇಳುತ್ತಾರೆ. ನೋಡಿದ್ದನ್ನು ಒಂದು ಹಾಳೆಯಲ್ಲಿ ಬರೆದು ಕೊಡುತ್ತಾರೆ. ಅವರ ಅಕ್ಷರ ದುಂಡಗಿಲ್ಲ, ಕಾಗುಣಿತ ಅಲ್ಲಲ್ಲಿ ತಪ್ಪುತ್ತದೆ. ಹೋದ ತಿಂಗಳು ತೀರ್ಥೇಶ್ ತಂದ ಒಂದು ಜರ್ಮನ್ ಪಿಸ್ತೂಲಿಗೆ ಎರಡು ದಿನವೆಂದದ್ದು ಐದು ದಿನವಾಯಿತು. ಒಂದು ಗುರುತು ಹೌದು ಎನ್ನುತ್ತಿತ್ತು, ಇನ್ನೊಂದು ಅಲ್ಲ ಎನ್ನುತ್ತಿತ್ತು. ಐದನೆಯ ದಿನ ಅವರು ಹಾಳೆಯಲ್ಲಿ ಎರಡನ್ನೂ ಬರೆದು, ಕೆಳಗೆ ‘ನನಗೆ ಗೊತ್ತಾಗಲಿಲ್ಲ’ ಎಂದು ಸೇರಿಸಿ ಸಹಿ ಹಾಕಿದರು.

ತೀರ್ಥೇಶ್ ಅದನ್ನು ಓದಿ, "ಇದನ್ನ ಇಟ್ಕೊಂಡು ನಾನೇನ್ ಮಾಡ್ಲಿ ಶಿವಮೂರ್ತಪ್ಪ?" ಎಂದರು.

"ಇನ್ನೊಬ್ಬರಿಗೆ ತೋರ್ಸ್ರಿ. ಅವರು ಏನಂತಾರೆ ಅಂತ ನಂಗೂ ಹೇಳ್ರಿ" ಎಂದು ಶಿವಮೂರ್ತಪ್ಪ ಕೈಗವಸು ಹಾಕಿಕೊಂಡು ತೊಟ್ಟಿಯ ಕಡೆ ಹೋದರು. ಅಲ್ಲಿ ಇಪ್ಪತ್ತು ನಿಮಿಷದಿಂದ ಒಂದು ಹ್ಯಾಂಡಲ್ಲು ಮುಳುಗಿಕೊಂಡಿತ್ತು.